ಸೋರಿಯಾಸಿಸ್‌ಗೆ ಗಾವಟಿ (ನಾಟಿ) ಎಣ್ಣೆ, ಪುಡಿ ಬಳಸಿದವರು ಯಾರಾದರೂ ಇದ್ದೀರಾ?

ಘಟಪ್ರಭಾ_ಅಕ್ಕ (ಬನಹಟ್ಟಿ)
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಸೋರಿಯಾಸಿಸ್ ಇದೆ. ಮೊದಲು ಮೊಣಕೈ, ಮೊಣಕಾಲು ಅಷ್ಟೇ ಇತ್ತು. ಆಮೇಲೆ ತಲೆ, ಈಗ ಬೆನ್ನಿಗೂ ಬಂದಿದೆ. ಪವರ್‌ಲೂಮ್ ನಡೆಸುತ್ತಾನೆ. ಹೆಗಲ ಮೇಲೆ ಬಿಳಿ ಹೊಟ್ಟು ಉದುರಿದ್ದು ಕಾಣುತ್ತದೆ ಅಂತ ಕರಿ ಅಂಗಿ ಹಾಕೋದನ್ನೇ ಬಿಟ್ಟಿದ್ದಾನೆ. ಚರ್ಮದ ಡಾಕ್ಟರ್ ಮುಲಾಮು, ಗುಳಿಗೆ ಕೊಟ್ಟಿದ್ದಾರೆ. ತೆಗೆದುಕೊಂಡಾಗ ಕಡಿಮೆ ಆಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಚಳಿಗಾಲದಲ್ಲಂತೂ ಹಿಮ್ಮಡಿ ಬಿರಿದು ರಕ್ತ.

ಈಗ ಮಾವನ ಕಡೆಯವರು ಹೇಳಿದ ಒಬ್ಬರ ಹತ್ತಿರ ಹೋಗಿ ಎಣ್ಣೆ, ಪುಡಿ ತಂದಿದ್ದಾನೆ. ಎಣ್ಣೆ ನೇರಳೆ ಬಣ್ಣ. ಪುಡಿ ಬೂದಿ ಬಣ್ಣ, ಎರಡು ಹೊತ್ತು ಜೇನುತುಪ್ಪದಲ್ಲಿ ಕಲಸಿ ತಿನ್ನಬೇಕು. ಅದರ ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಆದರೆ ವಾರದೊಳಗೆ ಅರ್ಧ ಇಳಿದಿದೆ, ಅದು ನಿಜ. "ಇನ್ನು ಇಂಗ್ಲಿಷ್ ಔಷಧ ಬಂದ್" ಅಂತಿದ್ದಾನೆ. ಅವ್ವ ಬೇರೆ ಬದನೆಕಾಯಿ, ಶೇಂಗಾ, ಮೊಸರು ಎಲ್ಲ ನಿಲ್ಲಿಸಿದ್ದಾಳೆ. ನನಗೆ ಯಾಕೋ ಸಮಾಧಾನ ಇಲ್ಲ. ಬಳಸಿದವರು ಹೇಳಿ.

ಗುಮ್ಮಟದ_ಹುಡುಗ (ವಿಜಯಪುರ)
ಇಳಿದಿದೆ ಅಂದ ಮೇಲೆ ಮುಂದುವರಿಸಲಿ ಬಿಡಿ ಅಕ್ಕಾ. ನಮ್ಮ ಕಾಕಾಗೂ ಗಾವಟಿ ಔಷಧದಿಂದಲೇ ಹೋಯಿತು. ಡಾಕ್ಟರ್‌ಗಳಿಗೆ ಸುಮ್ನೆ ರೊಕ್ಕ ಸುರಿದಿದ್ದೇ ಬಂತು.

ಲೋಕಾಪುರದವ
ಕಾಕಾಗೆ ಇದ್ದದ್ದು ಸೋರಿಯಾಸಿಸ್ಸೇ ಹೌದಾ? ಹೇಗಿತ್ತು, ಎಲ್ಲಿತ್ತು?

ಗುಮ್ಮಟದ_ಹುಡುಗ (ವಿಜಯಪುರ)
ತೊಡೆಸಂದಿ, ಸೊಂಟದ ಹತ್ತಿರ. ದುಂಡಗೆ, ಅಂಚು ಕೆಂಪಗೆ, ನಡುವೆ ಸ್ವಲ್ಪ ತಿಳಿ. ಬೆವರಿದರೆ ವಿಪರೀತ ಕಡಿತ. ಚರ್ಮರೋಗ ಅಂದರೆ ಚರ್ಮರೋಗ, ಎಲ್ಲ ಒಂದೇ ಅಲ್ವಾ?

ಲೋಕಾಪುರದವ
ಅಲ್ಲ ತಮ್ಮಾ. ನೀನು ಹೇಳುತ್ತಿರುವುದು ಗಜಕರ್ಣ. ಅದು ಶಿಲೀಂಧ್ರದಿಂದ ಬರುತ್ತದೆ, ಟವೆಲ್, ಬಟ್ಟೆ ಹಂಚಿಕೊಂಡರೆ ಮನೆಮಂದಿಗೆಲ್ಲ ಅಂಟುತ್ತದೆ. ತಗಚೆ ಬೀಜ ಅರೆದು ಹಚ್ಚುವುದು, ಸೀಮೆ ಅಗಸೆ ಎಲೆ ತಿಕ್ಕುವುದು ಎಲ್ಲ ಅದಕ್ಕೇ. ಸೋರಿಯಾಸಿಸ್ ಯಾರಿಗೂ ಅಂಟುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾದಿ ತಪ್ಪಿ ಚರ್ಮಕ್ಕೆ ಅವಸರ ಮಾಡುತ್ತದೆ. ಹೊಸ ಚರ್ಮ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇದ್ದಲ್ಲಿ ಅದೇ ಕೆಲಸ ಮೂರರಿಂದ ಐದು ದಿನದಲ್ಲಿ ಆಗಿಬಿಡುತ್ತದೆ. ಹಾಗಾಗಿ ಹೊಪ್ಪಳಿಕೆ ಮೇಲೆ ಹೊಪ್ಪಳಿಕೆ. ಇಸಬು (ಎಕ್ಸಿಮಾ) ಮತ್ತೆ ಮೂರನೆಯದು. ಒಂದರ ಔಷಧ ಇನ್ನೊಂದಕ್ಕೆ ಹಚ್ಚಿದರೆ ಹೇಗೆ?

ಮೆಡಿಕಲ್_ಮಲ್ಲು (ಅಥಣಿ)
ಅಕ್ಕಾರ, ಎಣ್ಣೆ ಬಗ್ಗೆ ನನಗೆ ತಕರಾರಿಲ್ಲ. ಆ ಬೂದಿ ಪುಡಿ ನಿಲ್ಲಿಸುವ ಮುಂಚೆ ಮಾತ್ರ ಇವತ್ತೇ ಡಾಕ್ಟರಿಗೆ ಒಂದು ಫೋನ್ ಮಾಡಿ. ಯಾಕೆ ಅಂತ ಹೇಳುತ್ತೇನೆ.

ಹೆಸರಿಲ್ಲದ ಪುಡಿ ತಿಂದು ವಾರದಲ್ಲಿ ಅರ್ಧ ಸೋರಿಯಾಸಿಸ್ ಇಳಿಯಿತು ಅಂದರೆ ನನ್ನ ಮೊದಲ ಅನುಮಾನ ಸ್ಟಿರಾಯ್ಡ್ ಮೇಲೆ. ಗುಳಿಗೆ ಕುಟ್ಟಿ ಬೆರೆಸುವವರಿದ್ದಾರೆ. ಮುಖ ಊದಿ ದುಂಡಗಾಗುವುದು, ಹಸಿವು ಜಾಸ್ತಿ ಆಗುವುದು, ಶುಗರ್, ಬಿಪಿ ಏರುವುದು, ಇವು ಅದರ ಗುರುತು. ಸೋರಿಯಾಸಿಸ್‌ನಲ್ಲಿ ಇದು ಇನ್ನೂ ಅಪಾಯ. ಹೊಟ್ಟೆಗೆ ತೆಗೆದುಕೊಂಡ ಸ್ಟಿರಾಯ್ಡ್ ಒಮ್ಮೆಲೇ ನಿಂತರೆ ರೋಗ ಉಲ್ಟಾ ಹೊಡೆದು ಮೈತುಂಬ ಕೀವುಗುಳ್ಳೆ ಏಳಬಹುದು, ಜ್ವರ ಬರಬಹುದು, ಆಸ್ಪತ್ರೆಗೆ ಸೇರಬೇಕಾಗಬಹುದು. ಸಾಲ ತೀರಿಸಲು ಬಡ್ಡಿ ಸಾಲ ಮಾಡಿದ ಹಾಗೆ. ಅದಕ್ಕೇ ಮೊದಲು ಫೋನ್ ಅಂದಿದ್ದು.

ಎರಡನೆಯದು ಸೀಸ, ಪಾದರಸ. ಆನ್‌ಲೈನ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನ ತರಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು. 2008ರಲ್ಲಿ ಫಲಿತಾಂಶ ಬಂತು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅವು ಚೀಟಿ ಇದ್ದ ಡಬ್ಬಿಗಳು. ಚೀಟಿಯೇ ಇಲ್ಲದ ಪೊಟ್ಟಣದ ಗತಿ ಏನು?

ಪಂಚತಿಕ್ತ (ಬೆಳಗಾವಿ)
ನಾನು ಆಯುರ್ವೇದ ಓದಿ ಪ್ರಾಕ್ಟೀಸ್ ಮಾಡುತ್ತಿರುವವನು. ಮಲ್ಲು ಅವರೇ, ಪುಡಿ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಬೀದಿಯಲ್ಲಿ ಪೊಟ್ಟಣ ಕಟ್ಟುವವನನ್ನೂ ಆಯುರ್ವೇದವನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಆ ನೇರಳೆ ಎಣ್ಣೆ ಬಹುಶಃ ಬೆಪ್ಪಾಲೆಯದು. ಎಲೆ ಮುರಿದರೆ ಹಾಲು ಬರುವ ಗಿಡ. ಹಸಿ ಎಲೆ ಹರಿದು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಬಿಸಿಲಿಗೆ ಇಡುತ್ತಾರೆ. ಒಲೆಗೆ ಇಡುವುದಿಲ್ಲ. ಬಿಸಿಲಿಗೆ ಎಣ್ಣೆ ತಾನೇ ನೇರಳೆ ಆಗುತ್ತದೆ. ಹಿಂದೆ ಈ ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದರು, ಬನಹಟ್ಟಿಯವರಿಗೆ ಬಣ್ಣದ ವಿಷಯ ನಾನು ಹೇಳಬೇಕಾಗಿಲ್ಲ. ತಮಿಳುನಾಡಿನ ಸಿದ್ಧ ಪದ್ಧತಿಯ ವೈದ್ಯರು ಸೋರಿಯಾಸಿಸ್‌ಗೆ ಬಹಳ ಕಾಲದಿಂದ ಇದನ್ನು ಕೊಡುತ್ತಾರೆ. ನಮ್ಮಲ್ಲಿ ದಂತಪಾಲ ತೈಲ ಅಂತ ಸಿಗುತ್ತದೆ. ಹೊಪ್ಪಳಿಕೆ ಮೆತ್ತಗಾಗುತ್ತದೆ, ತುರಿಕೆ ಇಳಿಯುತ್ತದೆ. ಬೇರುಸಹಿತ ಕಿತ್ತು ಹಾಕುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಯುರ್ವೇದದಲ್ಲಿ ಕುಷ್ಠ (ಅಂದರೆ ಚರ್ಮರೋಗಗಳು, ಬರೀ ಕುಷ್ಠರೋಗ ಅಲ್ಲ) ಅಂತ 18 ಬಗೆ ಹೇಳಿದ್ದಾರೆ, 7 ದೊಡ್ಡವು, 11 ಸಣ್ಣವು. ಗಜಕರ್ಣ ದದ್ರು, ಇಸಬು ವಿಚರ್ಚಿಕಾ. ಸೋರಿಯಾಸಿಸ್ ಅನ್ನು ಏಕಕುಷ್ಠ, ಕಿಟಿಭಗಳ ಜೊತೆ ಹೋಲಿಸುತ್ತಾರೆ. ಔಷಧವೂ ಬೇರೆ ಬೇರೆ. ರೋಗಿಯನ್ನು ನೋಡದೆ ಎಲ್ಲರಿಗೂ ಒಂದೇ ಬೂದಿ ಕೊಡುವುದು ನಮ್ಮ ಶಾಸ್ತ್ರದಲ್ಲಿಲ್ಲ.

ಗುಮ್ಮಟದ_ಹುಡುಗ (ವಿಜಯಪುರ)
ಹಂಗಾರೆ ಮೆಡಿಕಲ್‌ನವರು ಕೊಡುವ ಟ್ಯೂಬ್ ಮಾತ್ರ ಶುದ್ಧವಾ? ಕಾಕಾಗೆ ಮೊದಲು ಅದೇ ಹಚ್ಚಿ ಹಚ್ಚಿ ಜಾಸ್ತಿ ಆಗಿದ್ದು.

ಮೆಡಿಕಲ್_ಮಲ್ಲು (ಅಥಣಿ)
ಈ ಮಾತು ನೂರಕ್ಕೆ ನೂರು ನಿಜ, ತಗೋ. ಗಜಕರ್ಣಕ್ಕೆ ಸ್ಟಿರಾಯ್ಡ್ ಬೆರೆಸಿದ ಮೂರು ಔಷಧದ ಟ್ಯೂಬ್ ಹಚ್ಚಿದರೆ ಎರಡು ದಿನದಲ್ಲಿ ಕೆಂಪು ಹೋಗುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ತೊಡೆಯ ಚರ್ಮ ತೆಳ್ಳಗಾಗಿ ಬರೆ ಬೀಳುತ್ತದೆ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಗಿರಾಕಿ ಬಂದು "ಆ ಹಳದಿ ಡಬ್ಬಿ ಕೊಡ್ರಿ" ಅಂತಾನೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಜಗಳ ಆಡಿ ಸಾಕಾಗಿದೆ.

ಇಂಡಿ_ಲಿಂಬಿಕಾಯಿ
ಗಜಕರ್ಣಕ್ಕೆ ಲಿಂಬೆರಸ ಹಚ್ಚಿ ಬಿಸಿಲಿಗೆ ಕೂಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನಮ್ಮ ತೋಟದಲ್ಲಿ ಕಾಯಿ ಹರಿಯುವವರ ಕೈ ನೋಡಿದ್ದೇನೆ. ಸಿಪ್ಪೆಯ ರಸ ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿತ್ತು ಅಂದರೆ ಮರುದಿನ ಸುಟ್ಟ ಗುಳ್ಳೆ. ಆಮೇಲೆ ಕಪ್ಪು ಕಲೆ, ರಸ ಸೋರಿದ ಗೆರೆಯಲ್ಲೇ ಉದ್ದಕ್ಕೆ. ತಿಂಗಳುಗಟ್ಟಲೆ ಹೋಗುವುದಿಲ್ಲ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದಿದೆ ಅಂತ ಹೆಮ್ಮೆ ಇದೆ, ಆದರೆ ಅದು ಸಾರಿಗೆ, ಉಪ್ಪಿನಕಾಯಿಗೆ.

ಪಂಚತಿಕ್ತ (ಬೆಳಗಾವಿ)
ಬಾವಂಚಿ ಬೀಜದ್ದೂ ಇದೇ ಕಥೆ. ತೊನ್ನಿಗೆ ಕೊಡುತ್ತಾರೆ. ಅದರಲ್ಲಿರುವ ಸೋರಾಲೆನ್ ಬಿಸಿಲಿನ ಜೊತೆ ಸೇರಿ ಕೆಲಸ ಮಾಡುತ್ತದೆ. ಲಿಂಬೆ ಸಿಪ್ಪೆಯಲ್ಲಿರುವುದೂ ಅದರ ದಾಯಾದಿಯೇ. ಪ್ರಮಾಣ, ಹೊತ್ತು ಗೊತ್ತಿಲ್ಲದೆ ಮನೆಯಲ್ಲಿ ಪ್ರಯೋಗ ಮಾಡಿದರೆ ಸುಡುತ್ತದೆ. ಹೊಟ್ಟೆಗೆ ಹೆಚ್ಚಾದರೆ ಲಿವರ್‌ಗೂ ಪೆಟ್ಟು.

ಕುಂದಾ_ಪ್ರಿಯೆ (ಬೆಳಗಾವಿ)
ಅಮೃತಬಳ್ಳಿ ಕಷಾಯ ಕುಡಿದರೆ ರಕ್ತ ಶುದ್ಧಿ ಆಗುತ್ತದೆ, ಚರ್ಮ ತಾನೇ ಸರಿಹೋಗುತ್ತದೆ. ನಾವು ಕೊರೊನಾ ಕಾಲದಿಂದ ಮನೆಮಂದಿ ಎಲ್ಲ ಕುಡಿಯುತ್ತೇವೆ.

ಲೋಕಾಪುರದವ
ಅಮೃತಬಳ್ಳಿ ರೋಗನಿರೋಧಕ ಶಕ್ತಿ ಏರಿಸುತ್ತದೆ ಅಂತ ತಾನೇ ಕುಡಿಯುವುದು? ಸೋರಿಯಾಸಿಸ್‌ನಲ್ಲಿ ಆ ಶಕ್ತಿ ಮೊದಲೇ ಮಿತಿಮೀರಿ ಕುಣಿಯುತ್ತಿರುತ್ತದೆ. ಅದಕ್ಕೆ ಇನ್ನಷ್ಟು ಹುರುಪು ಯಾಕೆ? 2021ರಲ್ಲಿ ಮುಂಬೈನ ಲಿವರ್ ಡಾಕ್ಟರ್‌ಗಳು ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ವರದಿ ಮಾಡಿದ್ದರು. ಮತ್ತೆ ರಕ್ತ ಕೆಟ್ಟು ಸೋರಿಯಾಸಿಸ್ ಬರುವುದಿಲ್ಲ. ಈ "ರಕ್ತ ಶುದ್ಧಿ" ಅನ್ನುವುದು ಎಲ್ಲಿಂದ ಬಂತೋ.

ಪಂಚತಿಕ್ತ (ಬೆಳಗಾವಿ)
ಆ ವರದಿಗೆ ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತ್ತು, ಅದನ್ನೂ ಹೇಳಿ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೋ, ಅದೇ ಜಾತಿಯ ಬೇರೆ ಬಳ್ಳಿಯೋ ಅಂತ ಗುರುತಿಸಿಲ್ಲ ಅಂತ.

ಲೋಕಾಪುರದವ
ವೈದ್ಯರೇ, ಅದು ನನ್ನ ವಾದಕ್ಕೇ ಬಲ ಕೊಟ್ಟಿತು. ತಜ್ಞರಿಗೇ ಬಳ್ಳಿ ಯಾವುದು ಅಂತ ಜಗಳ ಇದ್ದರೆ, ಕಾಂಪೌಂಡ್ ಮೇಲೆ ಹಬ್ಬಿದ್ದನ್ನು ಕಿತ್ತು ಕುದಿಸುವ ಮನೆಯವರು ಹೇಗೆ ಗುರುತಿಸುತ್ತಾರೆ?

ಕುಂದಾ_ಪ್ರಿಯೆ (ಬೆಳಗಾವಿ)
ನಮ್ಮಜ್ಜಿ ಗುರುತಿಸುತ್ತಾಳೆ. 😀

ಬಿಳಿಜೋಳ (ಸಿಂದಗಿ)
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನನಗೂ ಸೋರಿಯಾಸಿಸ್, ಕಾಲೇಜಿನ ದಿನಗಳಿಂದ. ಔಷಧದ ವಾದ ನಿಮಗೇ ಬಿಟ್ಟೆ. ದಿನನಿತ್ಯದ ವಿಷಯ ಯಾರೂ ಹೇಳುತ್ತಿಲ್ಲ, ಅದನ್ನು ಹೇಳುತ್ತೇನೆ.

ಮೊದಲು ಸ್ನಾನ. ನಮ್ಮ ಕಡೆ ಹಂಡೆಯ ಕುದಿ ನೀರು ಮೈಮೇಲೆ ಹೊಯ್ದುಕೊಂಡರೇ ಸ್ನಾನ ಅಂತ ಲೆಕ್ಕ. ಸುಡುವ ನೀರಿಗೆ ಆ ಕ್ಷಣ ತುರಿಕೆಗೆ ಹಿತ ಅನಿಸುತ್ತದೆ, ಆಮೇಲೆ ಚರ್ಮ ಒಣಗಿ ಎರಡರಷ್ಟು ಕಡಿಯುತ್ತದೆ. ಮೇಲೆ ಬೋರ್ ನೀರಿನ ಗಡಸುತನ, ಸೋಪು ನೊರೆಯೇ ಬರುವುದಿಲ್ಲ ಅಂತ ಇನ್ನಷ್ಟು ಸೋಪು ತಿಕ್ಕುವುದು. ನಾನು ಉಗುರುಬೆಚ್ಚಗಿನ ನೀರು, ಬೇಗ ಸ್ನಾನ, ಸೋಪು ಕಂಕುಳು, ಸಂದಿಗಳಿಗೆ ಮಾತ್ರ. ಟವೆಲ್‌ನಿಂದ ತಿಕ್ಕುವುದಿಲ್ಲ, ಒತ್ತುತ್ತೇನೆ. ಮೈ ಇನ್ನೂ ಹಸಿ ಇರುವಾಗಲೇ ಬಚ್ಚಲಲ್ಲೇ ನಿಂತು ಕೊಬ್ಬರಿ ಎಣ್ಣೆ ಅಥವಾ ಬಿಳಿ ವ್ಯಾಸಲಿನ್ ಹಚ್ಚುತ್ತೇನೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನವೂ ಇಲ್ಲ. ತಲೆಗೆ ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ಹೊಪ್ಪಳಿಕೆ ನೆನೆದ ಮೇಲೆ ಮೆಲ್ಲಗೆ ಬಾಚಿ ತೊಳೆಯುವುದು.

ಉಗುರಿನಿಂದ ಕೀಳುವುದು ಮಾತ್ರ ಬೇಡವೇ ಬೇಡ. ಸೋರಿಯಾಸಿಸ್ ಇದ್ದವರಿಗೆ ಗಾಯ ಆದ ಜಾಗದಲ್ಲೇ ಹೊಸ ಮಚ್ಚೆ ಏಳುವುದುಂಟು. ಬಿಗಿ ಬೆಲ್ಟ್ ಉಜ್ಜಿದ ಕಡೆ ನನಗೆ ಎದ್ದಿತ್ತು. ಬೇವಿನ ಎಲೆ ಅರೆದು ಗಸಗಸ ತಿಕ್ಕುವವರು ಇದನ್ನು ನೆನಪಿಡಿ.

ಕುಡಿತ, ಬೀಡಿ, ಸಿಗರೇಟು ರೋಗವನ್ನು ಹೆಚ್ಚಿಸುತ್ತವೆ, ಇದರಲ್ಲಿ ಎರಡು ಮಾತಿಲ್ಲ. ಬೊಜ್ಜು ಕೂಡ. ತೂಕ ಇಳಿದಾಗ ಅದೇ ಮುಲಾಮು ಚೆನ್ನಾಗಿ ಹತ್ತುತ್ತದೆ. ಗಂಟಲು ನೋವು ಬಂದರೆ ಅಲಕ್ಷ್ಯ ಮಾಡಬೇಡಿ, ಗಂಟಲಿನ ಸೋಂಕಿನ ನಂತರ ಮೈತುಂಬ ಸಣ್ಣ ಸಣ್ಣ ಚುಕ್ಕಿ ಏಳುವುದುಂಟು. ಕೆಲವು ಬಿಪಿ ಗುಳಿಗೆಯಿಂದಲೂ ಹೆಚ್ಚಾಗುತ್ತದೆ. ಅದಕ್ಕೇ ಬಿಪಿ ಡಾಕ್ಟರಿಗೆ ಸೋರಿಯಾಸಿಸ್ ಇದೆ ಅಂತ ಹೇಳಿರಬೇಕು.

ಅಕ್ಕಾ, ತಮ್ಮನಿಗೆ ಬೆಳಿಗ್ಗೆ ಎದ್ದಾಗ ಬೆರಳು, ಸೊಂಟ ಬಿಗಿಯಾಗಿರುತ್ತದಾ ಕೇಳಿ. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿ ಇವೆಯಾ ನೋಡಿ. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30 ಜನರವರೆಗೂ ಕೀಲು ಹಿಡಿಯುತ್ತದೆ. ಅದಕ್ಕೆ ಎಣ್ಣೆ, ಮುಲಾಮು ಯಾವುದೂ ಸಾಲುವುದಿಲ್ಲ. ತಡ ಮಾಡಿದರೆ ಕೀಲು ಕೆಡುತ್ತದೆ.

ಘಟಪ್ರಭಾ_ಅಕ್ಕ (ಬನಹಟ್ಟಿ)
ಅಣ್ಣಾ, ಉಗುರಿನಲ್ಲಿ ಗುಳಿ ಇವೆ! ನಾವು ಮಗ್ಗದ ಕೆಲಸಕ್ಕೆ ಹಾಗಾಗಿದೆ ಅಂದುಕೊಂಡಿದ್ದೆವು. ಬೆರಳು ನೋವಿನ ಬಗ್ಗೆ ಕೇಳುತ್ತೇನೆ. ಬಿಸಿಲು ಒಳ್ಳೆಯದಾ ಕೆಟ್ಟದ್ದಾ ಅಂತಲೂ ಹೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬಿಳಿಜೋಳ (ಸಿಂದಗಿ)
ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು, ಸೋರಿಯಾಸಿಸ್‌ಗೆ ಬಹಳ ಜನಕ್ಕೆ ಒಳ್ಳೆಯದೇ. ಚರ್ಮ ಸುಡುವಷ್ಟು ಬೇಡ, ಸುಟ್ಟರೆ ಅದೂ ಗಾಯವೇ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಪ್ರಯೋಗ ಮಾಡಬೇಡಿ. ಆಸ್ಪತ್ರೆಯಲ್ಲಿ ಕೊಡುವ ಯುವಿಬಿ (ನೇರಳಾತೀತ ಕಿರಣದ) ಬೆಳಕಿನ ಚಿಕಿತ್ಸೆ ಅಂದರೆ ಅದೇ ಬಿಸಿಲಿನ ಒಂದು ಸಣ್ಣ ತುಂಡನ್ನು ಅಳೆದು ಕೊಡುವುದು. ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ವಾರಕ್ಕೆ ಎರಡು ಮೂರು ಸಲ ಹೋಗಬೇಕು, ದೂರದವರಿಗೆ ಅದೇ ಕಷ್ಟ. ಕಲ್ಲಿದ್ದಲ ಡಾಂಬರಿನ ಮುಲಾಮು ಹಚ್ಚಿ ಬೆಳಕು ಕೊಡುವ ಪದ್ಧತಿ 1925ರಿಂದ ಇದೆ. ವಾಸನೆ ತಡೆದುಕೊಳ್ಳಬೇಕು, ಹಾಸಿಗೆ ಕರೆ ಆಗುತ್ತದೆ. ಮನೆಯಾಕೆ ಬಯ್ಯುತ್ತಾಳೆ.

ತೊಗರಿಕಣಜ (ಬಸವನ ಬಾಗೇವಾಡಿ)
ನನ್ನದು ಸ್ವಲ್ಪ ಬೇರೆ. ನಮ್ಮಪ್ಪನಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ದಪ್ಪಗಾಗಿ ಕರ್ರಗೆ ಆಗಿ ಸದಾ ಕಡಿತ. ಸೋರಿಯಾಸಿಸ್ ಅಂತಲೇ ಎಣ್ಣೆ, ಕಷಾಯ ಎಲ್ಲ ಆಯಿತು. ಕೊನೆಗೆ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ ಹೇಳಿದ್ದು: ಕಾಂಗ್ರೆಸ್ ಕಸದ ಅಲರ್ಜಿ. ಹೊಲದ ಬದುವಿನ ತುಂಬ ಅದೇ. ಮುಟ್ಟಬೇಕಂತಲೂ ಇಲ್ಲ, ಗಾಳಿಯಲ್ಲಿ ಅದರ ಪುಡಿ ಬಂದರೆ ಸಾಕು. ಈಗ ತುಂಬುತೋಳಿನ ಅಂಗಿ, ಕುತ್ತಿಗೆಗೆ ಟವೆಲ್, ಹೊಲದಿಂದ ಬಂದ ಕೂಡಲೇ ಮುಖ ಕೈ ತೊಳೆದು ಬಟ್ಟೆ ಬದಲಿಸುವುದು. ಕಸ ಒಣಗಿಸಿ ಸುಡುವುದನ್ನೂ ನಿಲ್ಲಿಸಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಕಡಿಮೆ ಆಗಿದೆ.

ಲೋಕಾಪುರದವ
ಒಳ್ಳೆಯ ಮಾತು. ನಮ್ಮ ಕಡೆ ಸಿಮೆಂಟ್ ಕೆಲಸದವರಿಗೂ ಹೀಗೇ. ಸಿಮೆಂಟಿನ ಕ್ರೋಮಿಯಂ ಮೈಗೆ ಒಗ್ಗುವುದಿಲ್ಲ. ಕೈಗೆ ಎಷ್ಟು ಅರಿಶಿನ ಮೆತ್ತಿದರೂ ಕೈಗವಸು ಹಾಕದೆ ಹೋಗುವುದಿಲ್ಲ.

ಇಂಡಿ_ಲಿಂಬಿಕಾಯಿ
ಕಾಂಗ್ರೆಸ್ ಕಸ ಅಮೆರಿಕದ ಗೋಧಿ ಜೊತೆ ಬಂತಂತಲ್ಲ? 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡಿದ್ದಂತೆ. ಅದನ್ನು ತಿನ್ನಲು ಮೆಕ್ಸಿಕೋದಿಂದ ಒಂದು ಹುಳ ತಂದು ಬಿಟ್ಟಿದ್ದರು.

ತೊಗರಿಕಣಜ (ಬಸವನ ಬಾಗೇವಾಡಿ)
ಹುಳ ಇದೆ. ಮಳೆಗಾಲದಲ್ಲಿ ಎಲೆ ಜರಡಿ ಮಾಡುತ್ತದೆ. ಕಸ ಮತ್ತೆ ಚಿಗುರುತ್ತದೆ. ಗೆದ್ದಿದ್ದು ಕಸವೇ.

ಮಾವಶಿ_ಮುಧೋಳ
ಬದನೆಕಾಯಿ ನಂಜು, ಅದು ಬಿಡಲೇಬೇಕು. ಹಾಲು ಮೀನು ಕೂಡ ಒಟ್ಟಿಗೆ ತಿನ್ನಬಾರದು. ಇವೆಲ್ಲ ಹಿರಿಯರು ಸುಮ್ನೆ ಹೇಳಿಲ್ಲ.

ಬಿಳಿಜೋಳ (ಸಿಂದಗಿ)
ಮಾವಶಿ, ಎಣ್ಣಿಬದನೆಕಾಯಿ ಬಿಟ್ಟು ಬದುಕುವುದಾದರೂ ಹೇಗೆ? ನನಗೆ ತಿಂದರೂ ಏನೂ ಆಗಿಲ್ಲ. ಇನ್ನೊಬ್ಬರಿಗೆ ಆಗಬಹುದು. ಒಂದೊಂದನ್ನೇ ಬಿಟ್ಟು ನೋಡಿ ಬರೆದಿಡಲಿ. ಎಲ್ಲ ಒಟ್ಟಿಗೆ ಬಿಟ್ಟರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ, ಮನುಷ್ಯ ಮಾತ್ರ ಸೊರಗುತ್ತಾನೆ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಅಗಸಿ ಚಟ್ನಿ, ಇದಕ್ಕಿಂತ ಒಳ್ಳೆಯ ಪಥ್ಯ ಯಾವುದಿದೆ? ಬಿಡುವುದಾದರೆ ಬೇಕರಿ, ಕರಿದದ್ದು ಬಿಡಲಿ.

ಪಂಚತಿಕ್ತ (ಬೆಳಗಾವಿ)
ಹಾಲು ಮೀನು ವಿರುದ್ಧಾಹಾರ ಅಂತ ಚರಕ ಸಂಹಿತೆಯಲ್ಲೇ ಇದೆ. ಆದರೆ ಮಾವಶಿ ಮನೆಯಲ್ಲಿ ಮೀನು ಮಾಡುತ್ತಾರಾ ಮೊದಲು?

ಮಾವಶಿ_ಮುಧೋಳ
ನಾವು ಲಿಂಗಾಯತರು ರೀ! ತಿಳಿದಿದ್ದು ಹೇಳಿದೆ ಅಷ್ಟೇ.

ನೇಸರಗಿ_ಹುಡುಗಿ
ಔಷಧಕ್ಕಿಂತ ಜನರ ಮಾತೇ ಕಷ್ಟ. ನನ್ನ ಕೈ ನೋಡಿ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗಿದ್ದಾರೆ. ಅಣ್ಣನ ತಲೆ ನೋಡಿ ಕ್ಷೌರದವನು ಬಾಚಣಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಬದಿಗಿಟ್ಟ, "ನಾಳೆ ಬರ್ರಿ" ಅಂದ. ಹೆಣ್ಣು ನೋಡಲು ಬಂದವರಿಗೆ ಹೇಳಬೇಕಾ ಬೇಡವಾ ಅಂತ ಮನೆಯಲ್ಲಿ ದಿನಾ ಪಂಚಾಯಿತಿ. ಅವ್ವ ಸವದತ್ತಿಗೆ ಕರೆದುಕೊಂಡು ಹೋಗಿ ಜೋಗುಳಬಾವಿಯಲ್ಲಿ ಸ್ನಾನ ಮಾಡಿಸಿದಳು. ರೇಣುಕೆಯ ಚರ್ಮರೋಗ ಅಲ್ಲೇ ವಾಸಿಯಾಯಿತು ಅಂತ ನಂಬಿಕೆ.

ಗುಮ್ಮಟದ_ಹುಡುಗ (ವಿಜಯಪುರ)
ವಾಸಿ ಆಯಿತಾ?

ನೇಸರಗಿ_ಹುಡುಗಿ
ಇಲ್ಲ. ಆದರೆ ಅವತ್ತು ಅಲ್ಲಿ ನನ್ನ ಕೈ ನೋಡಿ ಯಾರೂ ದೂರ ಸರಿಯಲಿಲ್ಲ. ಅದೇ ಹಿತ ಅನಿಸಿತು.

ಮೆಡಿಕಲ್_ಮಲ್ಲು (ಅಥಣಿ)
ತಂಗಿ, ನೋಡಲು ಬಂದವರಿಗೆ ಹೇಳಿಬಿಡು. ಅಂಟುವುದಿಲ್ಲ ಅಂತ ಡಾಕ್ಟರ್ ಹತ್ತಿರವೇ ಕೇಳಿಸು. ಹಸಿ ಗಾಯ ಇದ್ದಾಗ ಮಾತ್ರ ಬಹಳ ಜನ ಮೀಯುವ ನೀರು ಬೇಡ, ಬೇರೆ ಸೋಂಕು ತಗುಲುತ್ತದೆ.

ಘಟಪ್ರಭಾ_ಅಕ್ಕ (ಬನಹಟ್ಟಿ)
ಡಾಕ್ಟರಿಗೆ ಫೋನ್ ಮಾಡಿದೆ. ಪುಡಿಯನ್ನೂ ತೆಗೆದುಕೊಂಡು ನಾಳೆಯೇ ಬನ್ನಿ, ತಾನಾಗಿ ಏನನ್ನೂ ನಿಲ್ಲಿಸುವುದು ಬೇಡ ಅಂದರು. ಎಣ್ಣೆ ಹಚ್ಚಿಕೊಳ್ಳಲಿ, ಉರಿ ಬಂದರೆ ಬಿಡಲಿ ಅಂದರು. ತಮ್ಮನಿಗೆ ಸಿಟ್ಟು ಬಂದಿದೆ. ಬೆರಳು ನೋವಿನ ವಿಷಯ ಎತ್ತಿದ ಮೇಲೆ ಸುಮ್ಮನಾದ, ಬೆಳಿಗ್ಗೆ ಚಹಾದ ಕಪ್ ಹಿಡಿಯಲು ಕಷ್ಟವಂತೆ. ಇನ್ನೊಂದು ಅನುಮಾನ: ಹಳೆಯ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಅಂತ ಇದೆ. ಕಷಾಯದ ಜೊತೆ ನಡೆಯುತ್ತದಾ?

ಮೆಡಿಕಲ್_ಮಲ್ಲು (ಅಥಣಿ)
ಅಕ್ಕಾರ, ಆ ಗುಳಿಗೆ ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಯಾವ ದಿನ ಅಂತ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ, "ಸೋಮವಾರ" ಅಂತ. ಲಿವರ್ ಪರೀಕ್ಷೆ ಆಗಾಗ ಮಾಡಿಸಲೇಬೇಕು. ಅದು ನಡೆಯುವಾಗ ಕುಡಿತ ಬೇಡ, ಡಾಕ್ಟರಿಗೆ ಹೇಳದೆ ಕಷಾಯವೂ ಬೇಡ.

ಪಂಚತಿಕ್ತ (ಬೆಳಗಾವಿ)
ಇದಕ್ಕೆ ನನ್ನದೂ ಸಹಿ. ಆಯುರ್ವೇದ ಬೇಕು ಅನಿಸಿದರೆ ಬೆಳಗಾವಿಯ ಶಹಾಪುರದಲ್ಲಿ 1933ರಿಂದ ಇರುವ ಆಯುರ್ವೇದ ಕಾಲೇಜಿದೆ, ವಿಜಯಪುರ, ಬಾಗಲಕೋಟೆಯಲ್ಲೂ ಕಾಲೇಜು ಆಸ್ಪತ್ರೆಗಳಿವೆ. ಇಂಗ್ಲಿಷ್ ಔಷಧದ ಚೀಟಿ ಮುಚ್ಚಿಡದೆ ತೋರಿಸಿ. ತಲೆಯ ಸೋರಿಯಾಸಿಸ್‌ಗೆ ಮಜ್ಜಿಗೆಯ ಧಾರೆ ಕೊಡುತ್ತಾರೆ, ತುರಿಕೆಗೆ, ನಿದ್ದೆಗೆ ಅನುಕೂಲ.

ಚಿಕ್ಕೋಡಿ_ಅಮ್ಮ
ನನ್ನ ಮಗಳಿಗೆ ಎರಡು ವರ್ಷ, ಕೆನ್ನೆ ಮತ್ತು ಮೊಣಕಾಲ ಹಿಂದೆ ಇಸಬು. ಅತ್ತೆ ದಿನಾ ಒಂದೆರಡು ಹನಿ ಬೇವಿನೆಣ್ಣೆ ಕುಡಿಸು ಅಂತಾರೆ. ಕುಡಿಸಬಹುದಾ?

ಪಂಚತಿಕ್ತ (ಬೆಳಗಾವಿ)
ಬೇಡ ತಾಯಿ, ಖಂಡಿತ ಬೇಡ. ಬೇವಿನೆಣ್ಣೆ ಕುಡಿಸಿದ ಸಣ್ಣ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದು ಜೀವಕ್ಕೆ ಅಪಾಯ ಆದ ಪ್ರಕರಣಗಳಿವೆ. ಈಗಾಗಲೇ ಕುಡಿಸಿದ್ದರೆ ಮಕ್ಕಳ ಡಾಕ್ಟರಿಗೆ ಇವತ್ತೇ ತೋರಿಸಿ. ಅತ್ತೆಯವರಿಗೆ ವೈದ್ಯರೇ ಹೇಳಿದರು ಅನ್ನಿ. ಮಗುವಿನ ವಿಷಯ ದೊಡ್ಡದು, ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.